ನೆಟ್ಟಗಿದ್ದ ಹನ್ನೆರಡು ಕುರ್ಚಿಗಳು

ಗಾಜಿನ ಪೆಟ್ಟಿಗೆಯ ಬಾಗಿಲು ಮುಚ್ಚಿತ್ತು. ಒಳಗೆ ಕೆಂಪು ಮಖಮಲ್ಲಿನ ಮೇಲೆ ಪುಸ್ತಕದ ಅಚ್ಚು ಚೌಕವಾಗಿ ಕಾಣುತ್ತಿತ್ತು. ಪುಸ್ತಕ ಮಾತ್ರ ಇರಲಿಲ್ಲ.

ದಾಖಲೆ ವಿಭಾಗದ ಅಧಿಕಾರಿ ಬಿಳಿ ಕೈಗವಸು ತೊಟ್ಟು, ಎರಡೂ ಕೈ ಮುಂದೆ ಚಾಚಿಕೊಂಡೇ ಬಂದಿದ್ದಳು. ಆ ಕೈಗಳನ್ನು ಈಗ ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತಳು.

"ತಾತಾ, ಪುಸ್ತಕ ಎಲ್ಲಿ?"

ಬೀಗದ ತಾತ ಕನ್ನಡಕ ಒರೆಸಿಕೊಂಡು ನೋಡಿದ. ಪೆಟ್ಟಿಗೆಯ ಹಿಂದೆ ನೋಡಿದ, ಕೆಳಗೆ ಬಗ್ಗಿ ನೋಡಿದ. ಕೊನೆಗೆ ಗೋಡೆಗೆ ಕೈ ಊರಿದ.

"ನಿನ್ನೆ ಸಂಜೆ ಇತ್ತಮ್ಮಾ. ಏಳು ಗಂಟೆಗೆ ಧೂಳು ಒರೆಸಿ ನಾನೇ ಬೀಗ ಹಾಕ್ಕೊಂಡು ಹೋದೆ."

ಗಡಿಯಾರ ಎಂಟೂವರೆ ತೋರಿಸುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಶಾಸನಸಭೆಯ ಐವತ್ತನೇ ವರ್ಷದ ಸಭೆ. ಅಲ್ಲಿ ಎಲ್ಲರೆದುರು ತೆರೆಯಬೇಕಾಗಿದ್ದದ್ದು ಇದೇ ಪುಸ್ತಕವನ್ನು.

*

ಅದೇ ಹೊತ್ತಿಗೆ, ಅದೇ ಕಟ್ಟಡದ ನೆಲಮಹಡಿಯಲ್ಲಿ ಭದ್ರತಾ ವಿಭಾಗದ ಇನ್ಸ್‌ಪೆಕ್ಟರ್ ಒಂದು ಹಸಿರು ಅಂಗಿಗೆ ಕಾಗದದ ಎಲೆ ಹೊಲಿಯುತ್ತಿದ್ದಳು. ಮಗಳ ಶಾಲೆಯ ನಾಟಕ ಸಂಜೆ ಐದೂವರೆಗೆ. ಮಗಳದು ಮರದ ಪಾತ್ರ. ಮಾತು ಒಂದೇ ಒಂದು.

"ಬರ್ತೀಯಾ ಅಮ್ಮ?" ಅಂತ ಬೆಳಿಗ್ಗೆ ಕೇಳಿದ್ದಳು.

"ಬರ್ತೀನಿ. ಆಣೆ."

"ಯಾರಾಣೆ?"

"ನಿನ್ನಾಣೆ."

"ಹೋದ ಸಲಾನೂ ನನ್ನಾಣೇನೇ ಇಟ್ಟಿದ್ದೆ," ಎಂದು ಮಗಳು ಚೀಲ ಹೆಗಲಿಗೇರಿಸಿ ಹೊರಟುಹೋಗಿದ್ದಳು. ಆ ಮಾತು ಬೆಳಗಿನಿಂದ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ದಫೇದಾರ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ. "ಮೇಡಮ್, ಪ್ರಮಾಣದ ಪುಸ್ತಕ ಕಳುವಾಗಿದೆ."

ಇನ್ನೂ ಒಂಬತ್ತು ಎಲೆ ಬಾಕಿ ಇತ್ತು. ಇನ್ಸ್‌ಪೆಕ್ಟರ್ ಸೂಜಿಯನ್ನು ಅಂಗಿಗೇ ಚುಚ್ಚಿ ಎದ್ದಳು.

*

ಪ್ರಮಾಣದ ಪುಸ್ತಕ ಧರ್ಮಗ್ರಂಥವಲ್ಲ. ಮೊದಲ ಸಭೆಯಲ್ಲಿ ಯಾವ ಗ್ರಂಥದ ಮೇಲೆ ಕೈಯಿಟ್ಟು ಪ್ರಮಾಣ ಮಾಡಬೇಕೆಂದು ಹನ್ನೊಂದು ದಿನ ಜಗಳವಾಡಿದ್ದರಂತೆ. ಹನ್ನೆರಡನೇ ದಿನ ಯಾರೋ ಪುಣ್ಯಾತ್ಮರು ಖಾಲಿ ಹಾಳೆಗಳ ಒಂದು ದಪ್ಪ ಪುಸ್ತಕ ಹೊಲಿಸಿ ತಂದರು. ಮಂತ್ರಿಯಾಗುವವರು ಅದರ ಒಂದು ಹಾಳೆಯಲ್ಲಿ, ತಾವು ಯಾರ ಆಣೆಯಾಗಿ ಕೆಲಸ ಮಾಡುತ್ತೇವೆಂದು ಒಂದು ಸಾಲು ಬರೆಯಬೇಕು. ಹಾಳೆ ಮಡಚಿ ಅರಗಿನ ಮುದ್ರೆ ಒತ್ತಬೇಕು. ಹೊರಗೆ ಹೆಸರು, ಒಳಗೆ ಆಣೆ. ಬೇರೆ ಯಾರೂ ಓದುವಂತಿಲ್ಲ.

ಐವತ್ತು ವರ್ಷವಾಯಿತಲ್ಲ, ಜನ ಓದಲಿ ಎಂದು ಒಂದು ಸಮಿತಿ ತೀರ್ಮಾನಿಸಿತು. ಇಂದು ಮೂರು ಗಂಟೆಗೆ ಮುದ್ರೆಗಳನ್ನೆಲ್ಲ ಒಡೆಯುವುದಿತ್ತು.

"ಅಂದ್ರೆ ಯಾರಿಗೋ ತಾವು ಬರೆದದ್ದು ಹೊರಗೆ ಬರೋದು ಬೇಡವಾಗಿದೆ," ಎಂದಳು ಇನ್ಸ್‌ಪೆಕ್ಟರ್.

"ತಾತನ್ನ ಬಿಟ್ಟು ಒಳಗೆ ಓಡಾಡೋರು ಯಾರಿದಾರೆ ಮೇಡಮ್?" ದಫೇದಾರ ಧ್ವನಿ ತಗ್ಗಿಸಿದ. "ಬೀಗ ಅವನ ಸೊಂಟದಲ್ಲಿ. ಮೇಲಿಂದ ಆಗಲೇ ಹೇಳಿಕಳಿಸಿದಾರೆ. ಮೂರರೊಳಗೆ ಸಿಗದಿದ್ರೆ ತಾತನ ಹೆಸರಲ್ಲೇ ದೂರು ಬರ್ಕೋಬೇಕಂತೆ."

ತಾತ ಕೇಳಿಸಿಕೊಂಡ. ಯಾವ ಧರ್ಮದವರೂ ಬಂದು ಪ್ರಾರ್ಥನೆಗೆ ಕೂರಬಹುದಾದ ಈ ಮೌನದ ಕೋಣೆಯನ್ನು ಆತ ಮೂವತ್ತೊಂದು ವರ್ಷದಿಂದ ಕಾಯುತ್ತಿದ್ದ. ಶುಕ್ರವಾರ ನಿವೃತ್ತಿ. ಕಳ್ಳನೆಂಬ ಹೆಸರು ಹೊತ್ತು ಮನೆಗೆ ಹೋಗುವುದೋ, ಹೂವಿನ ಹಾರ ಹಾಕಿಸಿಕೊಂಡು ಹೋಗುವುದೋ ಎಂಬುದು ಇನ್ನು ಆರು ಗಂಟೆಯಲ್ಲಿ ನಿರ್ಧಾರವಾಗಬೇಕಿತ್ತು.

ಇನ್ಸ್‌ಪೆಕ್ಟರ್ ಕೋಣೆಯನ್ನು ನಿಧಾನವಾಗಿ ನೋಡಿದಳು. ಗೋಡೆಗಳ ಮೇಲೆ ಯಾವ ಚಿತ್ರವೂ ಇಲ್ಲ. ಒಂದು ಕಿಟಕಿ. ಹಿಂಬದಿಗೆ ಉದ್ದನೆಯ ಬೂದು ಪರದೆ. ಮಧ್ಯದಲ್ಲಿ ಗಾಜಿನ ಪೆಟ್ಟಿಗೆ. ಅದರ ಸುತ್ತ ಉಂಗುರದಂತೆ ಹನ್ನೆರಡು ಮರದ ಕುರ್ಚಿಗಳು, ಎಲ್ಲವೂ ಪೆಟ್ಟಿಗೆಗೆ ಮುಖ ಮಾಡಿ, ಅಳತೆಪಟ್ಟಿ ಹಿಡಿದಂತೆ ನೆಟ್ಟಗೆ.

"ಪೆಟ್ಟಿಗೆಗೆ ಬೀಗ ಇಲ್ವಾ ತಾತ?"

"ಚಿಲಕ ಅಷ್ಟೇ ತಾಯಿ. ಕದಿಯೋರು ಈ ಕೋಣೆಗೆ ಯಾಕೆ ಬರ್ತಾರೆ ಅಂದ್ಕೊಂಡಿದ್ವಿ."

"ಬೆಳಿಗ್ಗೆಯಿಂದ ಯಾರ್ಯಾರು ಬಂದ್ರು?"

"ಹೊರಗಿನ ಕ್ಯಾಮೆರಾ ಹೇಳುತ್ತೆ. ನಾನು ಹೇಳಲ್ಲ."

"ತಾತ, ನಿಮ್ಮ ಕುತ್ತಿಗೆಗೇ ಬಂದಿದೆ."

"ಬಂದಿದೆ ತಾಯಿ. ಆದ್ರೆ ಇಲ್ಲಿಗೆ ಯಾರು ಬರ್ತಾರೆ, ಯಾರು ಬರಲ್ಲ, ಬಂದು ಏನು ಮಾಡ್ತಾರೆ ಅನ್ನೋದನ್ನ ನಾನು ಬಾಯಿಬಿಟ್ಟು ಹೇಳಿದ ದಿನ ಈ ಕೋಣೆ ಕೋಣೆಯಾಗಿರಲ್ಲ. ಮೂವತ್ತೊಂದು ವರ್ಷ ಹೇಳಿಲ್ಲ. ಇನ್ನು ನಾಲ್ಕು ದಿನಕ್ಕೆ ಯಾಕೆ?" ತಾತ ಕುರ್ಚಿಗಳತ್ತ ನೋಡಿ ಸಣ್ಣಗೆ ನಕ್ಕ. "ಇವತ್ತು ನೋಡಿ, ಪುಸ್ತಕವೂ ಇಲ್ಲ, ನನಗೆ ಕೆಲಸವೂ ಇಲ್ಲ. ಕುರ್ಚಿಗಳೆಲ್ಲ ನೆಟ್ಟಗೇ ಇವೆ."

ಆ ಮಾತು ಇನ್ಸ್‌ಪೆಕ್ಟರಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನೆಲ್ಲ ಬರೆದುಕೊಳ್ಳುವುದು ಅವಳ ಅಭ್ಯಾಸ. ಬರೆದುಕೊಂಡಳು.

*

ಕ್ಯಾಮೆರಾ ಹೇಳಿದ್ದು ಇಷ್ಟು. ಆರೂವರೆಗೆ ತಾತ ಬೀಗ ತೆಗೆದು ಬಾಗಿಲ ಪಕ್ಕದ ಮುಕ್ಕಾಲಿಯ ಮೇಲೆ ಕೂತ. ಏಳಕ್ಕೆ ಗೃಹಮಂತ್ರಿ ಒಳಗೆ ಹೋದರು, ಏಳು ಇಪ್ಪತ್ತಕ್ಕೆ ಹೊರಬಂದರು. ಎಂಟಕ್ಕೆ ಸರ್ಕಾರದ ಮುಖ್ಯಸ್ಥರು ಹೋದರು, ಎಂಟು ಹನ್ನೊಂದಕ್ಕೆ ಬಂದರು. ಎಂಟೂವರೆಗೆ ದಾಖಲೆ ಅಧಿಕಾರಿ ಬಂದಳು. ತಾತ ಅವಳ ಜೊತೆಗೇ ಒಳಗೆ ಹೋದ. ಅಲ್ಲಿಯವರೆಗೆ ಮುಕ್ಕಾಲಿಯಿಂದ ಎದ್ದಿರಲಿಲ್ಲ.

ಯಾರ ಕೈಯಲ್ಲೂ ಪುಸ್ತಕವಿರಲಿಲ್ಲ. ಬಟ್ಟೆಯೊಳಗೆ ಬಚ್ಚಿಡುವ ಗಾತ್ರದ್ದೂ ಅಲ್ಲ. ಎತ್ತಲು ಎರಡು ಕೈ ಬೇಕು.

ಸರ್ಕಾರದ ಮುಖ್ಯಸ್ಥರನ್ನು ಕಟ್ಟಡದಲ್ಲಿ ಎಲ್ಲರೂ ಯಜಮಾನರೆಂದೇ ಕರೆಯುತ್ತಿದ್ದರು. ಮೌನದ ಕೋಣೆಯ ಹೊಸ್ತಿಲಲ್ಲಿ ಕಣ್ಣು ಮುಚ್ಚಿ ನಿಂತ ಅವರ ಫೋಟೋ ಪತ್ರಿಕೆಯಲ್ಲಿ ಬಾರದ ವಾರವಿಲ್ಲ. ಬೆಳಿಗ್ಗೆ ಎಂಟಕ್ಕೆ ಅವರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಫೋಟೋದವರು ಹೊರಗೇ ಉಳಿಯುತ್ತಿದ್ದರು. ಯಜಮಾನರು ಹನ್ನೊಂದು ನಿಮಿಷ ಒಳಗಿದ್ದು ಬರುತ್ತಿದ್ದರು.

ಗೃಹಮಂತ್ರಿಯ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ದಿನವೂ ಪ್ರಾರ್ಥನೆ ಮಾಡುವವರು, ಅದೂ ಫೋಟೋ ಇಲ್ಲದೆ. ಇನ್ಸ್‌ಪೆಕ್ಟರ್ ಅವರ ಕೊಠಡಿಗೆ ಹೋದಳು.

"ನನ್ನೇ ಅನುಮಾನಿಸ್ತೀಯೇನಮ್ಮ? ನಿನ್ನ ಇಲಾಖೆಗೆ ನಾನೇ ಮಂತ್ರಿ."

"ಅನುಮಾನ ಅಲ್ಲ ಮೇಡಮ್. ನೀವು ಹೋದಾಗ ಪುಸ್ತಕ ಇತ್ತಾ?"

"ಇತ್ತು. ಏಳೋವಾಗ ಪೆಟ್ಟಿಗೆ ಮುಟ್ಟಿ ಏಳೋದು ನನ್ನ ಪದ್ಧತಿ. ನನ್ನ ಹಾಳೇಲಿ ಏನಿದೆ ಅಂತ ಈಗಲೇ ಬೇಕಾದ್ರೆ ಹೇಳ್ತೀನಿ, ಕದಿಯೋ ದರ್ದು ನನಗಿಲ್ಲ. ಆ ಶಿಕ್ಷಣಮಂತ್ರಿ, ಪುರಾವೆಯವರನ್ನ ಹೋಗಿ ಕೇಳು. ಮುದ್ರೆ ಒಡೀಬಾರದು ಅಂತ ಸಮಿತೀಲಿ ಕೂಗಾಡಿದ್ದು ಅವರೊಬ್ಬರೇ."

"ನೀವು ಯಾವ ಕುರ್ಚೀಲಿ ಕೂತಿದ್ರಿ ಮೇಡಮ್?"

"ಕಿಟಕಿ ಕಡೆ ತಿರುಗಿಸಿಟ್ಟಿದೀನಲ್ಲ, ಅದರಲ್ಲಿ. ಹೋಗಿ ನೋಡು, ಹಾಗೇ ಇರುತ್ತೆ."

"ಹಾಗಿಲ್ಲ ಮೇಡಮ್. ಎಲ್ಲಾ ನೆಟ್ಟಗಿವೆ."

ಗೃಹಮಂತ್ರಿ ಮೊದಲ ಬಾರಿಗೆ ಕಡತದಿಂದ ತಲೆಯೆತ್ತಿದರು. "ನನ್ನ ಕುರ್ಚಿ ಯಾರು ಮುಟ್ಟಿದ್ದು?"

*

"ಕುರ್ಚಿ ತಿರುಗಿಸೋದು ಈ ಕೋಣೆಯ ಪದ್ಧತಿ," ಎಂದ ತಾತ. ಕುರ್ಚಿಯ ಬಗ್ಗೆ ಹೇಳಲು ಅವನಿಗೆ ಅಡ್ಡಿಯಿರಲಿಲ್ಲ. "ಒಬ್ಬೊಬ್ಬರದು ಒಂದೊಂದು ದಿಕ್ಕು. ಮೊದಲ ಸಲ ಬಂದು ಕೂತೋರಿಗೆಲ್ಲ ನಾನೇ ಹೇಳ್ತೀನಿ. ನಿಮಗೆ ಬೇಕಾದ ಕಡೆ ತಿರುಗಿಸ್ಕೊಳ್ಳಿ, ಏಳೋವಾಗ ಸರಿ ಮಾಡ್ಬೇಡಿ, ಹಾಗೇ ಬಿಟ್ಟು ಹೋಗಿ ಅಂತ."

"ಯಾಕೆ?"

"ಮುಂದೆ ಬಂದೋರಿಗೆ ಗೊತ್ತಾಗ್ಲಿ ಅಂತ, ತಮ್ಮ ಹಾಗೇ ಇನ್ನೊಬ್ಬರು ಇಲ್ಲಿ ಕೂತಿದ್ರು ಅಂತ. ಸಂಜೆ ನಾನು ಒಂದೊಂದೇ ನೆಟ್ಟಗೆ ಮಾಡ್ತೀನಿ. ನನ್ನ ಪ್ರಾರ್ಥನೆ ಅದೇ ಅಂತ ಇಟ್ಕೊಳ್ಳಿ." ತಾತ ಸ್ವಲ್ಪ ತಡೆದ. "ಎಲ್ಲರ ಕುರ್ಚೀನೂ ಗುರುತಿದೆ ನನಗೆ. ಒಂದು ಮಾತ್ರ ಯಾರದು ಅಂತ ಗೊತ್ತಿಲ್ಲ. ನಾನು ಮಧ್ಯಾಹ್ನ ಊಟಕ್ಕೆ ಬೀಗ ಹಾಕ್ಕೊಂಡು ಹೋಗಿ ಬರೋದ್ರೊಳಗೆ ಒಂದು ಕುರ್ಚಿ ಗೋಡೆ ಕಡೆ ತಿರುಗಿರುತ್ತೆ. ವರ್ಷಗಳಿಂದ."

"ಬೀಗ ಹಾಕಿದ ಕೋಣೇಲಿ?"

"ಬೀಗ ಹಾಕಿದ ಕೋಣೇಲಿ."

"ಹೆದರಿಕೆ ಆಗ್ಲಿಲ್ವಾ?"

"ಯಾಕೆ ತಾಯಿ? ಕೂರೋಕೆ ತಾನೇ ಬರ್ತಾರೆ."

ದಫೇದಾರ ಎರಡು ಹೆಜ್ಜೆ ಬಾಗಿಲ ಕಡೆ ಸರಿದ. ಇನ್ಸ್‌ಪೆಕ್ಟರ್ ಮಾತ್ರ ನೇರವಾಗಿ ಬೂದು ಪರದೆಯ ಕಡೆ ನಡೆದಳು. ಪರದೆ ಸರಿಸಿದಳು.

ಹಿಂದೆ ಒಂದು ಬಾಗಿಲಿತ್ತು.

"ಅದು ನಾನು ಕೆಲಸಕ್ಕೆ ಸೇರೋ ಮೊದಲೇ ಮುಚ್ಚಿದ್ದು," ಎಂದ ತಾತ.

ಇನ್ಸ್‌ಪೆಕ್ಟರ್ ಹಿಡಿಕೆ ತಿರುಗಿಸಿದಳು. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ತಿರುಗಣಿ ಮುಟ್ಟಿ ನೋಡಿದಳು. ಬೆರಳಿಗೆ ಎಣ್ಣೆ ಹತ್ತಿತು.

*

ಬಾಗಿಲಾಚೆ ಒಂದು ಸಣ್ಣ ಹಜಾರ. ಅದಕ್ಕೆ ಎರಡೇ ಕೊಠಡಿ. ಎಡಕ್ಕೆ ಯಜಮಾನರದು, ಬಲಕ್ಕೆ ಶಿಕ್ಷಣಮಂತ್ರಿಯದು. ಹಜಾರದ ಹೊರಬಾಗಿಲಲ್ಲಿ ಕಾವಲಿನವನಿದ್ದ. ಬೆಳಿಗ್ಗೆ ಒಂಬತ್ತರವರೆಗೆ ಆ ಇಬ್ಬರನ್ನು ಬಿಟ್ಟು ಒಂದು ನೊಣವೂ ಒಳಗೆ ಹೋಗಿಲ್ಲ ಎಂದ. ಶಿಕ್ಷಣಮಂತ್ರಿ ಬಂದದ್ದು ಏಳೂವರೆಗೆ. ಎಂದೂ ಒಂಬತ್ತರ ಮುಂಚೆ ಬಂದವರಲ್ಲ.

"ಆಯ್ತಲ್ಲ ಮೇಡಮ್," ದಫೇದಾರ ಮೀಸೆ ಸವರಿದ. "ಪುರಾವೆ ಸಾಹೇಬ್ರದೇ ಕೆಲಸ."

ಶಿಕ್ಷಣಮಂತ್ರಿಗೆ ಪುರಾವೆ ಎಂಬ ಅಡ್ಡಹೆಸರು ಬಿದ್ದದ್ದು ಸುಮ್ಮನಲ್ಲ. ಯಾರು ಏನು ಹೇಳಿದರೂ 'ಪುರಾವೆ ಎಲ್ಲಿ?' ಎನ್ನುವ ಮನುಷ್ಯ. ದೇವರಿದ್ದಾನೆಂದರೂ ಅದೇ ಪ್ರಶ್ನೆ, ರಸ್ತೆ ಮುಗಿದಿದೆಯೆಂದರೂ ಅದೇ ಪ್ರಶ್ನೆ. ಮೌನದ ಕೋಣೆಯನ್ನು ಗ್ರಂಥಾಲಯ ಮಾಡಿ ಎಂದು ಸಭೆಯಲ್ಲೇ ಎರಡು ಸಲ ಹೇಳಿದ್ದರು. ಅಂಥವರು ಪುಸ್ತಕದಲ್ಲಿ 'ದೇವರೇ ಕಾಪಾಡು' ಎಂದು ಬರೆದಿದ್ದರೆ? ಕ್ಯಾಂಟೀನಿನಲ್ಲಿ ವಾರದಿಂದ ಎಲ್ಲರೂ ಅದೇ ಹೇಳಿ ನಗುತ್ತಿದ್ದರು.

ಇನ್ಸ್‌ಪೆಕ್ಟರ್ ಮೊದಲು ಯಜಮಾನರ ಕೊಠಡಿಗೆ ಹೋದಳು. ಹಿರಿಯರನ್ನು ಬಿಟ್ಟು ಮುಂದೆ ಹೋಗುವಂತಿರಲಿಲ್ಲ.

ಕೊಠಡಿಯಲ್ಲಿ ಒಂದು ಪೆನ್ನೂ ಓರೆಯಾಗಿರಲಿಲ್ಲ. ಗೋಡೆಯುದ್ದದ ಕಪಾಟಿನಲ್ಲಿ ಧರ್ಮಗ್ರಂಥಗಳು. ಎಲ್ಲ ಧರ್ಮಗಳವು, ಬಂದವರು ಕಾಣಿಕೆ ಕೊಟ್ಟವು. ಚಿನ್ನದ ಅಂಚಿನವು, ಚರ್ಮದ ರಟ್ಟಿನವು. ಒಂದರ ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚಿರಲಿಲ್ಲ. ಮೂರನೇ ಸಾಲಿನಲ್ಲಿದ್ದ ಒಂದಕ್ಕೆ ಮಾತ್ರ, ಶಾಲೆಯ ಪುಸ್ತಕಕ್ಕೆ ಹಾಕುವಂತೆ, ಕಂದು ಕಾಗದ ಹಾಕಿತ್ತು.

"ತಾತ ಒಳ್ಳೆಯವನು," ಎಂದರು ಯಜಮಾನರು. ಅವರ ಮುಖ ಬಿಳಿಚಿಕೊಂಡಿತ್ತು. "ಅವನ ಮೇಲೆ ದೂರು ಬೇಡ ಅಂತ ನಾನು ಹೇಳಿದೆ. ನನ್ನ ಮಾತು ಯಾರೂ ಕೇಳ್ತಿಲ್ಲ."

"ನೀವು ಒಳಗಿದ್ದಾಗ ಪುಸ್ತಕ ಇತ್ತಾ ಸರ್?"

"ನನ್ನ ಕಣ್ಣು ಮುಚ್ಚಿತ್ತಮ್ಮ."

ಇನ್ಸ್‌ಪೆಕ್ಟರ್ ಎದ್ದು ಹೊರಟಳು. ಹಿಂದೆ ಸಣ್ಣ ಸದ್ದಾಯಿತು. ತಿರುಗಿ ನೋಡಿದರೆ, ಅವಳು ಕೂತಿದ್ದ ಕುರ್ಚಿಯನ್ನು ಯಜಮಾನರು ತಾವೇ ಎದ್ದು ಮೇಜಿಗೆ ಸಮನಾಗಿ ಸರಿಸುತ್ತಿದ್ದರು.

*

ಶಿಕ್ಷಣಮಂತ್ರಿ ಎರಡೂ ಕೈ ಕಟ್ಟಿಕೊಂಡು ಕೂತಿದ್ದರು.

"ನಾನೇ ಕದ್ದೆ ಅಂತೀರಾ? ಪುರಾವೆ ಎಲ್ಲಿ?"

"ಹುಡುಕ್ತಿದೀನಿ ಸರ್. ಏಳೂವರೆಗೇ ಯಾಕೆ ಬಂದ್ರಿ?"

"ಮೂರು ಗಂಟೆಯ ಸಭೆಗೆ ಭಾಷಣ ಬರೀಬೇಕಿತ್ತು. ಮುದ್ರೆ ಒಡೀಬಾರದು ಅಂತ ಕೊನೇ ಸಲ ಹೇಳೋಣ ಅಂತ. ಮನೇಲಿ ಮೊಮ್ಮಕ್ಕಳು ಬರೆಯೋಕೆ ಬಿಡಲ್ಲ."

"ನಿಮಗೆ ಯಾಕೆ ಬೇಡ ಸರ್?"

"ಯಾರೂ ಓದಲ್ಲ ಅಂತ ಹೇಳಿ ಬರೆಸಿದ್ದನ್ನ ಊರಿಗೆಲ್ಲ ಓದಿಸೋದು ಮೋಸ. ನಂಬಿದೋನಿಗೂ ಮೋಸ, ನಂಬದೋನಿಗೂ ಮೋಸ. ಇದಕ್ಕೂ ದೇವರಿಗೂ ಸಂಬಂಧ ಇಲ್ಲ."

"ಒಂದು ನಿಮಿಷ ಆ ಕೋಣೆಗೆ ಬರ್ತೀರಾ? ಬಾಗಿಲ ತಿರುಗಣಿಗೆ ಯಾರೋ ಎಣ್ಣೆ ಹಾಕಿದಾರೆ."

ಅವರು ಬಂದರು. ಒಂದು ಕುರ್ಚಿಯ ಬೆನ್ನು ಹಿಡಿದು ಗೋಡೆಯ ಕಡೆ ತಿರುಗಿಸಿ ಕೂತರು. ಇನ್ಸ್‌ಪೆಕ್ಟರ್ ಬಾಗಿಲ ಬಗ್ಗೆ ಕೇಳುತ್ತ ಹೋದಳು. ಅವರು ಗೊತ್ತಿಲ್ಲ, ಗೊತ್ತಿಲ್ಲ ಎನ್ನುತ್ತ ಹೋದರು. ಕೊನೆಗೆ ಎದ್ದರು. ಎರಡು ಹೆಜ್ಜೆ ನಡೆದರು. ಕುರ್ಚಿ ಗೋಡೆ ನೋಡಿಕೊಂಡು ಹಾಗೇ ಉಳಿಯಿತು.

ಮುಂಬಾಗಿಲ ಬಳಿ ನಿಂತಿದ್ದ ತಾತನ ಬಾಯಿ ಅರ್ಧ ತೆರೆದುಕೊಂಡಿತು. ಮತ್ತೆ ಮುಚ್ಚಿಕೊಂಡಿತು.

"ಎಣ್ಣೆ ಹಾಕಿದ್ದು ನೀವೇ ಸರ್," ಎಂದಳು ಇನ್ಸ್‌ಪೆಕ್ಟರ್ ಮೆತ್ತಗೆ. "ಮಧ್ಯಾಹ್ನ, ತಾತ ಊಟಕ್ಕೆ ಹೋದಾಗ."

ಶಿಕ್ಷಣಮಂತ್ರಿ ತಿರುಗಿ ಆ ಕುರ್ಚಿಯನ್ನೂ ಅವಳನ್ನೂ ನೋಡಿದರು.

"ಹೆಂಡತಿ ತೀರಿಕೊಂಡ ವರ್ಷದಿಂದ. ಈ ಕಟ್ಟಡದಲ್ಲಿ ಫೋನ್ ಸದ್ದು ಕೇಳಿಸದ ಜಾಗ ಇದೊಂದೇ. ನಾನು ಪ್ರಾರ್ಥನೆ ಏನೂ ಮಾಡಲ್ಲ, ಗೋಡೆ ನೋಡ್ತೀನಿ. ನಂಬಿಕೆ ಇಲ್ಲ ಅಂದ್ರೆ ದಣಿವೂ ಇಲ್ಲ ಅಂತಾನಾ?"

"ಮತ್ತೆ ಕುರ್ಚಿ ತಿರುಗಿಸಿದ ಹಾಗೇ ಬಿಡಬೇಕು ಅಂತ ನಿಮಗೆ ಹೇಳಿದ್ದು ಯಾರು?"

"ಮಂತ್ರಿಯಾದ ಹೊಸದರಲ್ಲಿ ಕೋಣೆ ನೋಡೋಕೆ ಬಂದು ಕೂತಿದ್ದೆ. ತಾತ ಹೇಳಿದ್ದ. ಈ ಕೋಣೇಲಿ ನನಗೆ ಒಪ್ಪಿಗೆಯಾದ ಮಾತು ಅದೊಂದೇ." ಅವರು ತಾತನ ಕಡೆ ತಿರುಗಿದರು. "ಗ್ರಂಥಾಲಯ ಮಾಡಿ ಅಂದಿದ್ದು ಬಾಯಿಮಾತಿಗೆ ಕಣಯ್ಯ."

"ಗೊತ್ತು ಬುದ್ಧಿ," ಎಂದ ತಾತ.

*

ಎರಡೂ ಕಾಲಿಗೆ ಆರು ಜನ ಮೌನದ ಕೋಣೆಯಲ್ಲಿ ಸೇರಿದರು. ಯಜಮಾನರು, ಗೃಹಮಂತ್ರಿ, ಶಿಕ್ಷಣಮಂತ್ರಿ, ದಾಖಲೆ ಅಧಿಕಾರಿ, ತಾತ, ಇನ್ಸ್‌ಪೆಕ್ಟರ್. ದಫೇದಾರ ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಕುರ್ಚಿಗಳನ್ನೆಲ್ಲ ಇನ್ಸ್‌ಪೆಕ್ಟರ್ ಬೆಳಗಿನಂತೆಯೇ ನೆಟ್ಟಗಿಡಿಸಿದ್ದಳು.

"ಯಜಮಾನ್ರೇ, ಒಂದೇ ಪ್ರಶ್ನೆ. ನೀವು ದಿನಾ ಕೂರೋದು ಯಾವ ಕುರ್ಚೀಲಿ?"

ಯಜಮಾನರು ಸುತ್ತ ನೋಡಿದರು. "ಅದು... ಆ ಕಿಟಕಿ ಪಕ್ಕದ್ದು."

"ಅದು ನನ್ನದು," ಎಂದರು ಗೃಹಮಂತ್ರಿ.

"ಇಬ್ಬರೂ ಕೂರಬಹುದಲ್ಲಮ್ಮ, ಬೇರೆ ಬೇರೆ ಹೊತ್ತಿಗೆ."

"ಎದ್ದು ಹೋಗೋವಾಗ ಏನು ಮಾಡ್ತೀರಿ ಸರ್?"

"ಏನು ಮಾಡ್ತೀನಿ? ಇದ್ದ ಜಾಗದಲ್ಲಿ ನೆಟ್ಟಗಿಟ್ಟು ಹೋಗ್ತೀನಿ. ಶಿಸ್ತು ಅಂತ ಒಂದಿದೆಯಲ್ಲ."

ಗೃಹಮಂತ್ರಿ ಬಾಯಿಗೆ ಸೆರಗು ಹಿಡಿದರು. ಶಿಕ್ಷಣಮಂತ್ರಿ ನೆಲ ನೋಡಿದರು. ತಾನು ಏನೋ ತಪ್ಪು ಹೇಳಿದೆನೆಂದು ಯಜಮಾನರಿಗೆ ತಿಳಿಯಿತು. ಏನೆಂದು ಮಾತ್ರ ತಿಳಿಯಲಿಲ್ಲ.

"ಇಲ್ಲಿ ಒಂದು ಸಲವಾದ್ರೂ ಕೂತೋರು ಯಾರೂ ಕುರ್ಚಿ ನೆಟ್ಟಗೆ ಮಾಡಲ್ಲ ಸರ್," ಎಂದಳು ಇನ್ಸ್‌ಪೆಕ್ಟರ್. "ಹಾಗೇ ಬಿಡಿ ಅಂತ ತಾತ ಹೇಳ್ತಾರೆ. ಇವತ್ತು ಏಳು ಇಪ್ಪತ್ತಕ್ಕೆ ಮೇಡಮ್ ಎದ್ದಾಗ ಒಂದು ಕುರ್ಚಿ ಕಿಟಕಿ ನೋಡ್ತಿತ್ತು. ಎಂಟೂವರೆಗೆ ಹನ್ನೆರಡೂ ನೆಟ್ಟಗಿದ್ವು. ನಡುವೆ ಒಳಗೆ ಬಂದೋರು ಯಾರೋ ಅದನ್ನ ಸರಿ ಮಾಡಿದಾರೆ. ಅಂದ್ರೆ ಈ ಕೋಣೇಲಿ ಯಾವತ್ತೂ ಕೂರದೇ ಇದ್ದೋರು."

"ಇವರು ಇರಬಹುದಲ್ಲ," ಯಜಮಾನರು ಶಿಕ್ಷಣಮಂತ್ರಿಯ ಕಡೆ ಕೈ ತೋರಿದರು. "ದೇವರನ್ನೇ ನಂಬದೋರು."

"ಅವರು ದಿನಾ ಇಲ್ಲಿ ಕೂರ್ತಾರೆ ಸರ್. ಗೋಡೆ ಕಡೆ ತಿರುಗಿ. ಎದ್ದು ಹೋಗೋವಾಗ ಕುರ್ಚಿ ಹಾಗೇ ಬಿಡ್ತಾರೆ. ಇವತ್ತೂ ನನ್ನ ಕಣ್ಣೆದುರೇ ಬಿಟ್ರು. ಹಿಂಬಾಗಿಲ ಹಜಾರದಲ್ಲಿ ಬೆಳಿಗ್ಗೆ ಇದ್ದದ್ದು ನೀವಿಬ್ಬರೇ. ಅವರಲ್ಲ ಅಂದ್ಮೇಲೆ ಉಳಿದೋರು ಒಬ್ಬರು. ಎಂಟಕ್ಕೆ ಮುಂಬಾಗಿಲಲ್ಲಿ ಫೋಟೋ ಆಯ್ತು. ಒಳಗೆ ಬಂದ್ರಿ. ಪೆಟ್ಟಿಗೆಗೆ ಹೋಗೋ ದಾರೀಲಿ ಒಂದು ಕುರ್ಚಿ ಓರೆಯಾಗಿತ್ತು. ಓರೆಯಾಗಿದ್ದನ್ನ ನಿಮ್ಮ ಕೈ ಬಿಡಲ್ಲ, ನಾನು ಕೂತೆದ್ದ ಕುರ್ಚೀನೂ ಬಿಡಲಿಲ್ಲ. ಪುಸ್ತಕ ಎತ್ಕೊಂಡು ಹಿಂಬಾಗಿಲಿಂದ ನಿಮ್ಮ ಕೊಠಡಿಗೆ ಹೋದ್ರಿ. ಬೇರೆ ದಿನ ಗೋಡೆ ಪಕ್ಕದಲ್ಲೇ ಹಿಂಬಾಗಿಲಿಗೆ ಹೋಗಿ, ಆ ಹನ್ನೊಂದು ನಿಮಿಷ ಅಲ್ಲೇ ಇರ್ತಿದ್ರಿ ಅನ್ಸುತ್ತೆ. ಮತ್ತೆ ಬಂದು ಮುಂಬಾಗಿಲಿಂದ ಹೊರಗೆ ಹೋದ್ರಿ. ನಿಮ್ಮ ಕಪಾಟಿನ ಮೂರನೇ ಸಾಲಲ್ಲಿ ಕಂದು ಕಾಗದ ಹಾಕಿದ್ದು ಒಂದಿದೆ. ಕಾಣಿಕೆ ಬಂದ ಪುಸ್ತಕಕ್ಕೆ ಯಾರೂ ಕೂತು ಕಾಗದ ಹಾಕಲ್ಲ. ನಾನು ಹೋಗಿ ತರಬಹುದು. ನೀವೇ ತಂದುಕೊಟ್ರೆ ಚೆನ್ನಾಗಿರುತ್ತೆ ಸರ್."

ಯಜಮಾನರು ಪರದೆ ಸರಿಸಿ ಹೋದರು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ದಾಖಲೆ ಅಧಿಕಾರಿ ಕೈಗವಸಿನ ಕೈ ಚಾಚಿದಳು. ಬೆಳಗಿನಿಂದ ಅವಳು ಅದನ್ನು ಬಿಚ್ಚಿರಲೇ ಇಲ್ಲ.

"ನನ್ನ ಮೊದಲ ಚುನಾವಣೆಯ ಸಮಯ," ಎಂದರು ಯಜಮಾನರು. "ತಲೆನೋವು ಅಂತ ಈ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದೆ. ಯಾರೋ ಫೋಟೋ ತೆಗೆದ್ರು. ಮಾರನೇ ದಿನ ಪತ್ರಿಕೇಲಿ ನಾನು ದೊಡ್ಡ ಭಕ್ತ. ಜನ ಕೈ ಮುಗಿಯೋಕೆ ಶುರು ಮಾಡಿದ್ರು. ಆಮೇಲೆ ಕಣ್ಣು ಬಿಡೋಕೆ ಸಮಯವೇ ಸಿಗಲಿಲ್ಲ."

"ನಿಮ್ಮ ಹಾಳೇಲಿ ಏನಿದೆ?" ಗೃಹಮಂತ್ರಿಯ ಧ್ವನಿಯಲ್ಲಿ ಕೋಪವಿರಲಿಲ್ಲ.

"ಆಣೆ ಇಡೋಕೆ ನನಗೆ ಯಾರೂ ಇಲ್ಲ. ಮಾಡ್ತೀನಿ ಅಂದಿದ್ದನ್ನ ಮಾಡ್ತೀನಿ. ಅಷ್ಟೇ ಬರೆದಿದ್ದೆ, ಇಪ್ಪತ್ತೆರಡು ವರ್ಷದ ಹಿಂದೆ. ಸಮಿತಿ ತೀರ್ಮಾನ ಮಾಡಿದಾಗ ನಾನು ಪ್ರವಾಸದಲ್ಲಿದ್ದೆ. ಬರೋದ್ರೊಳಗೆ ಆಮಂತ್ರಣ ಅಚ್ಚಾಗಿತ್ತು. ಬೇಡ ಅನ್ನೋಕೆ ಬಾಯಿ ಬರಲಿಲ್ಲ."

"ಹಾಳೆ ಹರಿದು ಪುಸ್ತಕ ಇಟ್ಟುಬಿಡಬಹುದಿತ್ತಲ್ಲ ಸರ್?" ಎಂದಳು ದಾಖಲೆ ಅಧಿಕಾರಿ. ಹೇಳಿಯಾದ ಮೇಲೆ ತಾನೇ ಗಾಬರಿಯಾದಳು.

"ಅದಕ್ಕೇ ಅಂತ ತಗೊಂಡು ಹೋದದ್ದು. ಹೊಲಿಗೆ ನೋಡಿದೆ. ನಡುವೆ ಮಡಚಿ ಹೊಲಿದ ಒಂದೇ ಕಾಗದ, ನನ್ನ ಹಾಳೆಯ ಇನ್ನೊಂದು ಅರ್ಧ ಇವನದು." ಅವರು ಶಿಕ್ಷಣಮಂತ್ರಿಯನ್ನು ನೋಡಿದರು. "ಇಬ್ಬರೂ ಒಂದೇ ದಿನ ಪ್ರಮಾಣ ಮಾಡಿದ್ದು. ನನ್ನದು ಹರಿದ್ರೆ ನಿಂದು ಉದುರಿಹೋಗೋದು. ಕೈ ಬರಲಿಲ್ಲ ಕಣೋ. ಮಧ್ಯಾಹ್ನದೊಳಗೆ ವಾಪಸ್ ಇಡೋಣ ಅಂತಿದ್ದೆ. ಅಷ್ಟರಲ್ಲಿ ಕಾವಲು ಬಿತ್ತು."

ಶಿಕ್ಷಣಮಂತ್ರಿ ಅವರತ್ತ ಒಂದು ಹೆಜ್ಜೆ ಇಟ್ಟರು. "ಮಾಡ್ತೀನಿ ಅಂದಿದ್ದನ್ನ ಮಾಡ್ತೀನಿ. ಈ ಸಭೇಲಿ ನಾನು ಕೇಳಿದ ಅತಿ ಒಳ್ಳೆ ಆಣೆ ಅದು. ಮುಚ್ಚಿಡೋಕೆ ಏನಿತ್ತಯ್ಯ ಅದರಲ್ಲಿ?"

ಯಜಮಾನರು ತಾತನ ಮುಂದೆ ಹೋಗಿ ನಿಂತರು. "ನಿನ್ನ ಹೆಸರು ಬರುತ್ತೆ ಅಂತ ಯೋಚನೆ ಮಾಡಲಿಲ್ಲ. ತಪ್ಪಾಯ್ತು."

ತಾತ ಅವರ ಮುಖ ನೋಡಿದ. ಇಷ್ಟು ವರ್ಷ ಅವರು ಬಂದುಹೋದ ಮೇಲೆ ಹೊಸದಾಗಿ ಒಂದು ಕುರ್ಚಿಯೂ ತಿರುಗಿರದಿದ್ದದ್ದು ಆತನಿಗೆ ಗೊತ್ತಿತ್ತು. ಬಹುಶಃ ನಿಂತೇ ಪ್ರಾರ್ಥಿಸುತ್ತಾರೆಂದು ತನಗೆ ತಾನೇ ಹೇಳಿಕೊಂಡು ಸುಮ್ಮನಿದ್ದ.

"ಸ್ವಲ್ಪ ತಡವಾಯ್ತು, ಆದ್ರೂ ಹೇಳ್ತೀನಿ ಬುದ್ಧಿ," ಎಂದ ತಾತ. "ನಿಮಗೆ ಬೇಕಾದ ಕಡೆ ಕುರ್ಚಿ ತಿರುಗಿಸ್ಕೊಳ್ಳಿ. ಏಳೋವಾಗ ಸರಿ ಮಾಡ್ಬೇಡಿ."

"ಯಾವ ಕಡೆ ತಿರುಗಿಸ್ಲಿ? ನನಗೆ ದಿಕ್ಕೇ ಇಲ್ಲವಲ್ಲ."

"ಬೆನ್ನು ನೋಯದ ಕಡೆ."

ಗೃಹಮಂತ್ರಿಗೆ ನಗು ತಡೆಯಲಾಗಲಿಲ್ಲ.

*

ಮೂರು ಗಂಟೆಗೆ ಯಜಮಾನರು ಸಭೆಯಲ್ಲಿ ಎದ್ದು ನಿಂತರು. ಪುಸ್ತಕ ತೆಗೆದದ್ದು ತಾನು, ತಾತನದು ಎಳ್ಳಷ್ಟೂ ತಪ್ಪಿಲ್ಲ ಎಂದರು. ತಮ್ಮ ಹಾಳೆಯ ಮುದ್ರೆಯನ್ನು ತಾವೇ ಒಡೆದು ಓದಿದರು. ಮಿಕ್ಕ ಹಾಳೆಗಳನ್ನು ಮುಚ್ಚೇ ಇಡಬೇಕೆಂದು ಕೇಳಿಕೊಂಡರು. ತನ್ನ ಮೇಲೆ ಏನು ಕ್ರಮವೆಂದು ಸಭೆ ಹೇಳಲಿ, ತಲೆಬಾಗುತ್ತೇನೆ ಎಂದರು. ಕಣ್ಣು ತೆರೆದೇ ಇತ್ತು.

ಮೊದಲು ಎದ್ದದ್ದು ಗೃಹಮಂತ್ರಿ. "ಯಜಮಾನರು ಸುಖವಾಗಿರಲಿ ಅಂತ ನಾನು ದಿನಾ ಪ್ರಾರ್ಥನೆ ಮಾಡ್ತೀನಿ. ಇವತ್ತು ಅವರ ಮುಖ ನೋಡಿದ್ರೆ ಫಲಿಸಿದೆ ಅನ್ಸುತ್ತೆ. ಹಾಳೆ ಮುಚ್ಚಿಡೋ ಮಾತಿಗೆ ನನ್ನ ಒಪ್ಪಿಗೆ."

"ಫಲಿಸಿದ್ದಕ್ಕೆ ಪುರಾವೆ ಎಲ್ಲಿ?" ಎಂದಿತು ಪಕ್ಕದ ಸಾಲಿನ ಒಂದು ದನಿ. "ಆದ್ರೂ ನನ್ನದೂ ಒಪ್ಪಿಗೆ."

ಸಭೆಯೆಲ್ಲ ನಕ್ಕಿತು. ಕ್ರಮದ ವಿಷಯ ನಾಳೆಗೆ ಹೋಯಿತು. ಹಾಳೆಗಳು 'ಎಂದೆಂದಿಗೂ ಮುಚ್ಚಿರಲಿ' ಎಂಬುದು ಆಗಲೇ ತೀರ್ಮಾನವಾಯಿತು.

ಮೇಲಿನ ಗ್ಯಾಲರಿಯಲ್ಲಿ ಕೂತಿದ್ದ ಇನ್ಸ್‌ಪೆಕ್ಟರ್ ಕೊನೆಯ ಎಲೆ ಹೊಲಿದು ದಾರವನ್ನು ಹಲ್ಲಿನಿಂದ ಕಡಿದಳು. ಹೋಗುವ ದಾರಿಯಲ್ಲಿ ಮೌನದ ಕೋಣೆಯೊಳಗೆ ಇಣುಕಿದಳು. ಎರಡು ಕುರ್ಚಿ ಗೋಡೆಯ ಕಡೆ ತಿರುಗಿದ್ದವು, ಅಕ್ಕಪಕ್ಕ.

"ಸಂಜೆಯಾಯ್ತಲ್ಲ ತಾತ, ಸರಿ ಮಾಡಲ್ವಾ?"

"ಇನ್ನೊಂದು ಸ್ವಲ್ಪ ಹೊತ್ತು ಇರಲಿ ತಾಯಿ. ಅವು ಜೊತೆಯಾಗಿ ಕೂತದ್ದು ಇದೇ ಮೊದಲು."

*

ಮರದ ಮಾತು ನಾಟಕದ ಕೊನೆಯಲ್ಲಿತ್ತು. 'ನಾನು ಇಲ್ಲೇ ಇದ್ದೆ, ಎಲ್ಲವನ್ನೂ ನೋಡಿದೆ.' ಮಗಳು ಗಟ್ಟಿಯಾಗಿ ಹೇಳಿದಳು. ಒಂದು ಎಲೆ ಉದುರಿತು. ಯಾರೂ ಗಮನಿಸಲಿಲ್ಲ.

ಮುಗಿದ ಮೇಲೆ ಎರಡನೇ ಸಾಲಿಗೆ ಓಡಿಬಂದು ಅಮ್ಮನ ಕೈ ಹಿಡಿದು ಎಳೆದಳು.

"ಆಣೆ ಇಟ್ಟಿದ್ದೆ ಅಂತ ಬಂದ್ಯಾ?"

"ಇಲ್ಲ," ಎಂದಳು ಅಮ್ಮ. "ಬರ್ತೀನಿ ಅಂದಿದ್ದೆ. ಬಂದೆ."